ಮಾಲೇನಾ ಕೂಗಲಿಲ್ಲ

ತರಗತಿಯ ಕಬ್ಬಿಣದ ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಕಿತ್ತುಬಂದರೂ ಏಳು ವರ್ಷದ ಮಾಲೇನಾ ಕೂಗಲಿಲ್ಲ. ಅವಳ ಬಿಳಿ ಮೇಲಂಗಿಯ ಜೇಬು ಕೆಂಪಾದಾಗಲೇ ಟೀಚರಿಗೆ ಗೊತ್ತಾದದ್ದು. ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು, ತುಟಿ ಕಚ್ಚಿಕೊಂಡು, ತನ್ನ ಜಾಗದಲ್ಲಿ ಕೂತಿದ್ದಳು.

ಫೋನ್ ಬಂದಾಗ ಅವಳ ತಾಯಿ ಯಾನಿನಾ ಬೇಕರಿಯಲ್ಲಿ ಎಂಪನಾಡಾ ಕಡುಬುಗಳ ಅಂಚು ಮಡಿಸುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿದಳು. ಬೆರಳಿಗೆ ಆಗಲೇ ಪಟ್ಟಿ ಕಟ್ಟಿದ್ದರು. ಯಾನಿನಾ ಹೆದರಿದ್ದು ಹೆಡ್‌ಮೇಡಂ ಆಡಿದ ಮಾತಿಗೆ: "ಎಸ್ತೆಲಾ ನಿಮ್ಮನ್ನ ನೋಡ್ಲೇಬೇಕಂತೆ."

ಎಸ್ತೆಲಾ ಬ್ರುಸ್ಕೊ ಮಕ್ಕಳ ಮನಶ್ಶಾಸ್ತ್ರಜ್ಞೆ. ರೊಸಾರಿಯೊ ನಗರದ ಅಂಚಿನ ಈ ಬಡಾವಣೆಯ ಶಾಲೆಗೆ ವಾರಕ್ಕೆರಡು ಸಲ ಬರುತ್ತಿದ್ದಳು. ಚೆಂಡು, ಹರಿದ ಭೂಪಟಗಳನ್ನು ತುಂಬಿಡುತ್ತಿದ್ದ ಕೋಣೆಯೇ ಅವಳದು. ಚಳಿಗಾಲದ ರಜೆ ಮುಗಿದಾಗಿನಿಂದ ಮಾಲೇನಾ ಶಾಲೆಯಲ್ಲಿ ತುಟಿ ಬಿಚ್ಚಿಲ್ಲವೆಂದು ಮೊದಲೂ ಹೇಳಿಕಳಿಸಿದ್ದಳು. ಯಾನಿನಾ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

ಇವತ್ತು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಎಸ್ತೆಲಾ ಮಾಟೆ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಸುರಿದು ಕುಡಿಯಲು ಯಾನಿನಾಳ ಕೈಗೆ ಕೊಟ್ಟಳು.

"ಇವ್ಳು ಮೊದ್ಲಿಂದ್ಲೂ ನಾಚಿಕೆ ಸ್ವಭಾವ ಮೇಡಂ."

"ನಾಚಿಕೆ ಇರೋರು ಮಾತಾಡಲ್ಲ, ಸರಿ. ಉಗುರು ಕಿತ್ತುಬಂದ್ರೂ ಅಳಲ್ವಾ ಯಾನಿನಾ? ಇದು ಭಯ. ಯಾರೋ ಅವಳ ಬಾಯಿ ಕಟ್ಟಿದಾರೆ."

ಯಾನಿನಾ ಬುರುಡೆಯನ್ನು ಮೇಜಿನ ಮೇಲಿಟ್ಟಳು. ಚಳಿಗಾಲದ ರಜೆಯ ಆ ಮಧ್ಯಾಹ್ನ ನೆನಪಾಯಿತು. ಅವತ್ತು ತಾಯಿ ಮಗಳು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಕೆಳಗೆ ಮೂಲೆಯಂಗಡಿಯ ಮುಂದೆ ಬೈಕೊಂದು ನಿಂತಿತು. ಗುಂಡಿನ ಸದ್ದಿಗೆ ಪಾರಿವಾಳಗಳು ಎದ್ದವು. ಅಂಗಡಿಯವನು ಕುಸಿದ. ಗುಂಡು ಹಾರಿಸಿದವನು ತಲೆಯೆತ್ತಿ ನೋಡಿದ. ಹಿಂದಿನ ಓಣಿಯ ನಾವೆಲ್! ಚಿಕ್ಕವನಿದ್ದಾಗ ಅವಳೇ ಎತ್ತಿ ಆಡಿಸಿದ ಹುಡುಗ. ದಿನವೂ ಬೀಸುವ ಹಾಗೆಯೇ ಕೈ ಬೀಸಿ ಹೊರಟುಹೋದ. ಯಾನಿನಾ ಮಗಳ ಬಾಯಿಗೆ ಅಂಗೈ ಒತ್ತಿ ಒಳಗೆಳೆದುಕೊಂಡಿದ್ದಳು. "ಶಾಲೇಲಿ ಯಾರ ಹತ್ರಾನೂ ಏನೂ ಅನ್ಬೇಡ. ಬಾಯಿ ಬಿಟ್ರೆ ಅಮ್ಮನ್ನ ಕೊಲ್ತಾರೆ."

"ಅವಳ ಬಾಯಿ ಕಟ್ಟಿದ್ದು ನಾನೇ," ಎಂದಳು ಯಾನಿನಾ. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟಳು.

ಎಸ್ತೆಲಾ ಎದ್ದುಹೋಗಿ ಕಿಟಕಿ ಮುಚ್ಚಿದಳು. ಅದನ್ನು ನೋಡಿ ಯಾನಿನಾಳಿಗೆ ಇನ್ನಷ್ಟು ಹೆದರಿಕೆಯಾಯಿತು.

"ಪೊಲೀಸ್ರಿಗೆ ಹೇಳ್ತೀರಾ?"

"ಮಗೂಗೆ ಅಪಾಯ ಇದ್ದಾಗ ನಾನು ಸುಮ್ನಿರೋ ಹಾಗಿಲ್ಲ. ಆದ್ರೆ ನಿಮಗೆ ಹೇಳ್ದೆ ಒಂದು ಹೆಜ್ಜೇನೂ ಇಡಲ್ಲ. ಮೊದ್ಲು ನೀವಿಬ್ರೂ ದೂರ ಹೋಗ್ಬೇಕು. ಯಾರಾದ್ರೂ ಇದಾರಾ?"

"ನದಿಯಾಚೆ, ವಿಕ್ಟೋರಿಯಾದಲ್ಲಿ ಅಕ್ಕ ಇದಾಳೆ."

ತಾಯಿ ಮಗಳು ಮನೆಗೆ ಹೋಗುವ ದಾರಿಯಲ್ಲಿ ನಾವೆಲ್ ಬೈಕಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ.

"ಏನಕ್ಕ, ಶಾಲೆಗೆ ಕರೆಸಿದ್ರಂತೆ? ಪುಟ್ಟಿ ಮಾತಾಡಿದ್ಲಾ?"

"ಇಲ್ಲಪ್ಪ, ಬೆರಳು ಬಾಗ್ಲಿಗೆ ಸಿಕ್ತು. ಅದಕ್ಕೇ ಕರೆಸಿದ್ದು."

"ಅಯ್ಯೋ ಪಾಪ. ಜೋಪಾನ ಅಕ್ಕ, ಒಬ್ಳೇ ಮಗಳು." ನಾವೆಲ್ ಜೇಬಿನಿಂದ ಒಂದು ಮಿಠಾಯಿ ತೆಗೆದು ಚಾಚಿದ. ಮಾಲೇನಾ ತಾಯಿಯ ಮುಖ ನೋಡಿದಳು. ಯಾನಿನಾ ತಲೆಯಾಡಿಸಿದಳು. ಮಗು ಪಟ್ಟಿಯಿಲ್ಲದ ಕೈಯಿಂದ ಅದನ್ನು ತೆಗೆದುಕೊಂಡಿತು. ಮನೆಯೊಳಗೆ ಬಂದು ಅಗುಳಿ ಹಾಕಿದ ಮೇಲೆ ಯಾನಿನಾ ಬಾಗಿಲಿಗೆ ಕುರ್ಚಿಯನ್ನೂ ಒತ್ತಿಟ್ಟಳು.

ಎಸ್ತೆಲಾ ಆ ವಾರವೇ ವಿಕ್ಟೋರಿಯಾದ ಶಾಲೆಯವರೊಡನೆಯೂ ಅಲ್ಲಿಯ ಮನಶ್ಶಾಸ್ತ್ರಜ್ಞೆಯೊಡನೆಯೂ ಮಾತಾಡಿ ಎಲ್ಲ ಗೊತ್ತುಮಾಡಿದಳು. ಹೊರಡುವ ಬೆಳಿಗ್ಗೆ ತಾಯಿ ಮಗಳು ಎಂದಿನಂತೆ ಶಾಲೆಗೇ ಬಂದರು, ಕೈಯಲ್ಲಿ ಶಾಲೆಯ ಚೀಲ ಬಿಟ್ಟರೆ ಬೇರೇನೂ ಇಲ್ಲ. ಎಸ್ತೆಲಾಳ ಕೋಣೆಯಲ್ಲಿ ಯಾನಿನಾ ಮಗಳ ಮುಂದೆ ಮಂಡಿಯೂರಿ ಕೂತಳು. ಈ ಮಾತು ನಿಮ್ಮ ಬಾಯಿಂದಲೇ ಬರಬೇಕು ಎಂದು ಎಸ್ತೆಲಾ ಹೇಳಿದ್ದಳು.

"ಕಂದಾ, ಮಾತಾಡ್ಬೇಡ ಅಂದಿದ್ದು ಅಮ್ಮನ ತಪ್ಪು. ಇನ್ಮೇಲೆ ಮಾತಾಡ್ಬಹುದು. ಎಸ್ತೆಲಾ ಹತ್ರ, ಹೊಸ ಟೀಚರ್ ಹತ್ರ, ಏನು ಬೇಕಾದ್ರೂ."

ಮಾಲೇನಾ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಂಡಳು. ಆಮೇಲೆ ಪಿಸುಗುಟ್ಟಿದಳು: "ಬೆರಳು ನೋಯ್ತಿದೆ ಅಂತಾನೂ ಹೇಳ್ಬಹುದಾ?"

ಯಾನಿನಾಳಿಗೆ ಈಗ ಅರ್ಥವಾಯಿತು. ಹೇಳಬಾರದ್ದು ಯಾವುದು, ಹೇಳಬಹುದಾದ್ದು ಯಾವುದು ಎಂದು ಗೊತ್ತಾಗದೆ ಮಗು ಎಲ್ಲವನ್ನೂ ನುಂಗಿಕೊಂಡಿತ್ತು, ನೋವನ್ನೂ.

"ಹೇಳ್ಬಹುದು ಚಿನ್ನ."

"ಮತ್ತೆ ನಿನ್ನನ್ನ ಕೊಲ್ಲಲ್ವಾ?"

ಯಾನಿನಾ ಎಸ್ತೆಲಾಳ ಕಡೆ ತಿರುಗಿದಳು. ಎಸ್ತೆಲಾ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಮಗೂ ಭಯ ಇದೆ ಪುಟ್ಟಿ. ಅದಕ್ಕೇ ದೂರ ಹೋಗೋದು. ನೀನು ಮಾತಾಡಿದ್ದಕ್ಕೆ ಏನಾದ್ರೂ ಆಗುತ್ತೆ ಅಂತಲ್ಲ. ಅಮ್ಮನ್ನ ಕಾಪಾಡೋದು ದೊಡ್ಡೋರ ಕೆಲ್ಸ, ನಿಂದಲ್ಲ."

ಶಾಲೆಯ ಅಡುಗೆಕೋಣೆಯ ಹಿಂಬಾಗಿಲಿನಿಂದ ಹೊರಬಿದ್ದು ಎಸ್ತೆಲಾಳ ಹಳೆಯ ಕಾರು ಹತ್ತಿದರು. ಕೀಲಿ ಎಸ್ತೆಲಾಳ ಕೈಯಿಂದ ಜಾರಿಬಿತ್ತು, ಹೆಕ್ಕಿದರೆ ಮತ್ತೆ ಜಾರಿತು. ಬಸ್ ನಿಲ್ದಾಣ ಮುಟ್ಟುವತನಕ ಮಾಲೇನಾ ಸೀಟಿನ ಕೆಳಗೆ ಮುದುಡಿಕೊಂಡಿದ್ದಳು. ಬಸ್ಸು ಪರಾನಾ ನದಿಯ ಉದ್ದ ಸೇತುವೆ ದಾಟುವಾಗ ಯಾನಿನಾ ಹಿಂದೆ ಬರುತ್ತಿದ್ದ ಪ್ರತಿಯೊಂದು ಗಾಡಿಯನ್ನೂ ನೋಡಿದಳು.

ಪೊಲೀಸರಿಗೆ ತಿಳಿಸಲೇ ಎಂದು ಬಸ್ಸು ಹತ್ತುವ ಮುಂಚೆ ಎಸ್ತೆಲಾ ಕೇಳಿದ್ದಳು. ಯಾನಿನಾ ಹೂಂ ಅಂದಿದ್ದಳು. ತನಿಖೆ ನಡೆಸುತ್ತಿದ್ದವರಿಗೆ ವಿಷಯ ಮುಟ್ಟಿತು. ನಾವೆಲ್ ಇನ್ನೂ ಸಿಕ್ಕಿಲ್ಲ.

ಹೊಸ ಶಾಲೆಯಲ್ಲಿ ಮಾಲೇನಾ ಮೊದಲು ನೀರು ಕೇಳಿದಳಂತೆ, ಟೀಚರ ಕಿವಿಯಲ್ಲಿ. ವಸಂತ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಯಾನಿನಾ ಗೇಟಿನ ಬಳಿ ಕಾಯುತ್ತಿದ್ದಾಗ ಒಳಗಿನಿಂದ ಮಗಳ ಚೀರಾಟ ಕೇಳಿಸಿತು. ಅವಳು ಕಾವಲುಗಾರನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು.

ಜೋಕಾಲಿಯ ಹಗ್ಗ ಹಿಡಿದು ಮಾಲೇನಾ ಇನ್ನೊಬ್ಬ ಹುಡುಗಿಯ ಮೇಲೆ ಅಬ್ಬರಿಸುತ್ತಿದ್ದಳು: "ಸರದಿ ನಂದು! ಇಳಿಯೇ ಕೆಳಗೆ!"

ಯಾನಿನಾ ಅಲ್ಲೇ ಗೋಡೆಗೊರಗಿ ನಿಂತಳು. ಮಗಳಿಗೆ ಸುಮ್ಮನಿರು ಎನ್ನದೆ, ಆ ಕೂಗನ್ನೇ ಕೇಳುತ್ತಿದ್ದಳು.