ಬಿಚ್ಚೋಕೆ ಪೈಪು, ಬಿಗಿಯೋಕೆ ಕೈ

ಬಸ್ ಡಿಪೋದ ಚಕ್ರದ ಶೆಡ್ಡಿನಲ್ಲಿ ಇಬ್ಬರು ಫಿಟ್ಟರುಗಳಿದ್ದರು. ಒಬ್ಬನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು, ಇನ್ನೊಬ್ಬನನ್ನು ಆನೆ. ಯಾರು ಯಾರೆಂದು ಹೊಸಬರಿಗೆ ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ. ಕಡ್ಡಿಯ ಅಕ್ಕನನ್ನು ಮದುವೆಯಾದವನು ಆನೆ. ಹಾಗಾಗಿ ಶೆಡ್ಡಿಗೆಲ್ಲ ಆನೆಯಾಗಿದ್ದವನು ಕಡ್ಡಿಗೆ ಮಾತ್ರ ಭಾವ.

ಈ ಸಂಬಂಧ ಕುದುರಿಸಿದವನೂ ಕಡ್ಡಿಯೇ. ತಾಯಿ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ಅಂದಿನಿಂದ ಅವನ ತಲೆ ಬಾಚಿದವಳು, ಬೆನ್ನು ತಿಕ್ಕಿದವಳು, ಬೇಕಾದಾಗ ಬೆನ್ನಿಗೆ ಗುದ್ದಿದವಳು ಅಕ್ಕ. ಮದುವೆಯ ಮಾತು ಬಂದಾಗಲೆಲ್ಲ “ಇವನೊಂದು ದಡ ಸೇರಲಿ” ಎಂದು ತಳ್ಳುತ್ತಾ ಬಂದಿದ್ದಳು. ಕಡ್ಡಿ ಡಿಪೋದ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಪಕ್ಕದಲ್ಲಿ ಕೆಲಸ ಮಾಡುವ ಈ ದೈತ್ಯನನ್ನು ಒಂದು ಭಾನುವಾರ ಮನೆಗೆ ಕರೆತಂದ. ದೈತ್ಯ ಒಳಗೆ ಬರುವಾಗ ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡು, “ಕ್ಷಮಿಸಿ” ಎಂದ. ಅದನ್ನು ಅವನು ಹೇಳಿದ್ದು ಚೌಕಟ್ಟಿಗೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಕಡ್ಡಿ ಅದೆಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಆಗಲೇ ಮನಸ್ಸಿನಲ್ಲಿ ಮದುವೆ ಮಾಡಿ ಮುಗಿಸಿಬಿಟ್ಟಿದ್ದ.

ಇಪ್ಪತ್ತೆರಡು ವರ್ಷ ಭಾವ, ಭಾವಮೈದುನ ಇಬ್ಬರೂ ಅಕ್ಕಪಕ್ಕದಲ್ಲೇ ದುಡಿದರು. ಧೂಳು, ಕೆಸರು, ತುಕ್ಕು ಎಲ್ಲ ಸೇರಿ ಬಸ್ಸಿನ ಚಕ್ರದ ನಟ್ಟುಗಳು ಕಲ್ಲಾಗಿ ಕೂತಿರುತ್ತವೆ. ಭಾವ ಸ್ಪ್ಯಾನರ್ ಕೂರಿಸಿ, ಕಾಲು ಅಗಲಿಸಿ ನಿಂತು, ಒಮ್ಮೆ ಉಸಿರು ಕಟ್ಟಿದನೆಂದರೆ ಎಂಥ ನಟ್ಟೂ ಕಿರ್ರೆಂದು ಶರಣಾಗುತ್ತಿತ್ತು. ಕಡ್ಡಿಗೆ ಆ ಭಾಗ್ಯವಿರಲಿಲ್ಲ. ಅವನು ನಟ್ಟಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತಿದ್ದ. ಆಮೇಲೆ ಸ್ಪ್ಯಾನರಿನ ಹಿಡಿಗೆ ಒಂದು ಹಳೆಯ ನೀರಿನ ಪೈಪು ತೂರಿಸಿ, ಅದರ ತುದಿಯ ಮೇಲೆ ನಿಧಾನವಾಗಿ ಭಾರ ಬಿಡುತ್ತಿದ್ದ. ಜಗ್ಗುತ್ತಿರಲಿಲ್ಲ, ಎಗರುತ್ತಿರಲಿಲ್ಲ. ಪೈಪು ಜಾರಿದರೆ ಬಡಿಯುವ ಜಾಗದಲ್ಲಿ ಮುಖ ಇಡುತ್ತಿರಲಿಲ್ಲ. ಒಂದು ಮಾರುದ್ದದ ಆ ಪೈಪು ಇದ್ದರೆ ಅವನೂ ಆನೆಗೆ ಸಮ.

“ನೀನು ಪೈಪು ಹಿಡ್ಕೊಂಡಿದೀಯೋ, ಪೈಪು ನಿನ್ನ ಹಿಡ್ಕೊಂಡಿದೆಯೋ? ಇಬ್ರೂ ಒಂದೇ ದಪ್ಪ ಇದೀರಪ್ಪ,” ಎಂದು ಭಾವ ಛೇಡಿಸುತ್ತಿದ್ದ.

“ನಿಮ್ಮ ಊಟದ ಖರ್ಚಲ್ಲಿ ಇಂಥ ನೂರು ಪೈಪು ಬರುತ್ತೆ ಭಾವ,” ಎಂದು ಕಡ್ಡಿ ಮರಳಿ ಕೊಡುತ್ತಿದ್ದ.

ಆದರೆ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮೇಸ್ತ್ರಿ ಅದನ್ನು ಬಣ್ಣದಲ್ಲಿ ಗೋಡೆಯ ಮೇಲೆ ಬರೆಸಿದ್ದರು: ಬಿಚ್ಚೋಕೆ ಪೈಪು, ಬಿಗಿಯೋಕೆ ಕೈ. ಪೈಪು ಹಾಕಿ ಬಿಗಿದರೆ ಎಷ್ಟು ಬಿಗಿಯಾಯಿತೆಂದು ಅಂಗೈಗೆ ತಿಳಿಯುವುದಿಲ್ಲ. ಬೋಲ್ಟು ಒಳಗೊಳಗೇ ಹಿಗ್ಗಿ, ಎಲ್ಲೋ ದಾರಿಯಲ್ಲಿ ಮುರಿಯುತ್ತದೆ. ಹಾಗಾಗಿ ಯಾರೇ ಚಕ್ರ ಕೂರಿಸಿದರೂ ಕಡೆಯ ಬಿಗಿ ಭಾವನದು. ಅವನು ಬಿಗಿದ ಚಕ್ರವನ್ನು ಯಾರೂ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಭಾವ ಒಂದು ಹಿಂಚಕ್ರದ ನಟ್ಟು ಬಿಚ್ಚಲು ತುಂಬ ಹೊತ್ತು ಹೆಣಗಿದ. ಎದ್ದು ಬಂದು, ಬೇರೆ ಕಡೆ ನೋಡುತ್ತಾ ಅಂದ:

“ನಿನ್ನ ಪೈಪು ಕೊಡು ಸ್ವಲ್ಪ.”

ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು. “ಆನೆಗೂ ಊರುಗೋಲು ಬಂತು” ಎಂದು ಯಾರೋ ಕೂಗಿದರು. ಕಡ್ಡಿಯೂ ನಕ್ಕು, ಎರಡೂ ಕೈಯಲ್ಲಿ ಪೈಪನ್ನು ಕಾಣಿಕೆ ಒಪ್ಪಿಸುವವನ ಹಾಗೆ ಹಿಡಿದ. ಭಾವ ನಗಲಿಲ್ಲ. ಪೈಪು ಕಿತ್ತುಕೊಂಡು ಹೋದ. ಅವತ್ತು ಸಂಜೆ ಅವನು ಅದನ್ನು ವಾಪಸು ಕೊಡಲಿಲ್ಲ. ಕಡ್ಡಿ ಗುಜರಿ ರಾಶಿಯಲ್ಲಿ ಇನ್ನೊಂದನ್ನು ಹುಡುಕಿಕೊಂಡ.

ಹದಿನೈದು ದಿನ ಕಳೆದಿರಬೇಕು. ಭಾವ ಆಗಷ್ಟೇ ಬಿಗಿದಿದ್ದ ಒಂದು ಮುಂಚಕ್ರದ ಟಯರಿನಲ್ಲಿ ಮೊಳೆ ಕಂಡು, ಅದನ್ನು ಮತ್ತೆ ಬಿಚ್ಚಬೇಕಾಯಿತು. ಭಾವ ಚಹಾಕ್ಕೆ ಹೋಗಿದ್ದ. ಕಡ್ಡಿ ಸ್ಪ್ಯಾನರ್ ಕೂರಿಸಿ, ಪೈಪು ತರಲು ಏಳುವ ಮೊದಲು ಸುಮ್ಮನೆ ಒಮ್ಮೆ ಕೈ ಒತ್ತಿದ. ನಟ್ಟು ತಿರುಗಿತು. ಇನ್ನೊಂದಕ್ಕೆ ಹಾಕಿದ. ಅದೂ ತಿರುಗಿತು. ಹತ್ತೂ ನಟ್ಟುಗಳನ್ನು ಅವನು ಬರಿಗೈಯಲ್ಲಿ ಬಿಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಭಾವ ಬಿಗಿದ ಒಂದು ನಟ್ಟನ್ನೂ ಅವನು ಪೈಪಿಲ್ಲದೆ ಅಲುಗಿಸಿರಲಿಲ್ಲ. ಸುತ್ತ ನೋಡಿದ, ಯಾರೂ ಗಮನಿಸಿರಲಿಲ್ಲ. ಚಕ್ರ ಕೂರಿಸಿ, ಸ್ಪ್ಯಾನರಿನ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತು, ತನ್ನ ಮೈಯ ಅಷ್ಟೂ ಭಾರ ಹಾಕಿ ಬಿಗಿದ. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಅಂದಿನಿಂದ ಅದೇ ಅವನ ಕೆಲಸವಾಯಿತು. ಭಾವ ಬಿಗಿದು ಮುಂದಿನ ಬಸ್ಸಿಗೆ ಹೋದರೆ, ಇವನು ಏನೋ ಮರೆತವನ ಹಾಗೆ ಹಿಂದೆ ಬಂದು ಮತ್ತೆ ಬಿಗಿಯುತ್ತಿದ್ದ. ಒಮ್ಮೆ ಅಕ್ಕನ ಹತ್ತಿರ ಮೆಲ್ಲಗೆ ವಿಚಾರಿಸಿದ.

“ಅಂಗಿ ಗುಂಡಿ ಹಾಕೋಕೆ ನನ್ನೇ ಕರೀತಾರೆ,” ಎಂದಳು ಅಕ್ಕ. “ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗಲ್ಲ. ಕೇಳಿದ್ರೆ, ‘ವಯಸ್ಸಾಯ್ತು, ನಿಂಗೇನು ಆಗಿಲ್ವಾ’ ಅಂತ ನನ್ನ ಮೇಲೇ ಬೀಳ್ತಾರೆ. ಯಾಕೋ? ಶೆಡ್ಡಲ್ಲಿ ಏನಾದ್ರೂ ಆಯ್ತಾ?”

“ಏನಿಲ್ಲಕ್ಕ. ಸುಮ್ನೆ ಕೇಳಿದೆ.”

ಎರಡು ತಿಂಗಳು ಹೀಗೇ ಸಾಗಿತು. ಒಂದು ಬುಧವಾರ ಕಡ್ಡಿ ಹಲ್ಲುನೋವು ತಡೆಯಲಾಗದೆ ಅರ್ಧ ದಿನ ರಜೆ ಹಾಕಿದ. ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಮಧ್ಯಾಹ್ನ ಡಿಪೋಗೆ ಬಂದರೆ ಅಂಗಳದಲ್ಲಿ ಒಂದು ಬಸ್ಸು ನಿಂತಿತ್ತು. ಸುತ್ತ ಜನ. ಡ್ರೈವರ್ ಬೆವರು ಒರೆಸಿಕೊಳ್ಳುತ್ತಿದ್ದ. ಇಳಿಜಾರಿನಲ್ಲಿ ಮುಂಚಕ್ರ ಕಟಕಟ ಎಂದು ಸದ್ದು ಮಾಡಿದೆ. ನಿಲ್ಲಿಸಿ ನೋಡಿದರೆ ನಾಲ್ಕು ನಟ್ಟು ಬಿದ್ದುಹೋಗಿವೆ, ಉಳಿದವು ಬೆರಳಲ್ಲಿ ತಿರುಗುತ್ತಿವೆ. ಬಸ್ಸಿನಲ್ಲಿ ಐವತ್ತು ಜನರಿದ್ದರು. ಇನ್ನೊಂದು ತಿರುವು ಇಳಿದಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಮೇಸ್ತ್ರಿ ತುಕ್ಕು ಹಿಡಿದ ಬೋಲ್ಟಿನ ಮೇಲೆ ತಪ್ಪು ಹಾಕಿದರು. ಆನೆ ಬಿಗಿದ ಚಕ್ರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಡ್ಡಿ ಭಾವನನ್ನು ಶೆಡ್ಡಿನ ಹಿಂದೆ, ಹಳೆಯ ಟಯರುಗಳ ಮರೆಗೆ ಕರೆದೊಯ್ದ.

“ಭಾವ, ಮೇಸ್ತ್ರಿಗೆ ಹೇಳಿಬಿಡಿ. ಕೈಯಲ್ಲಿ ಶಕ್ತಿ ಇಲ್ಲ ಅಂತ.”

“ಯಾರು ಹೇಳಿದ್ದು ಇಲ್ಲ ಅಂತ?”

“ಎರಡು ತಿಂಗಳಿಂದ ನಿಮ್ಮ ಹಿಂದೆ ನಾನೇ ಬಿಗೀತಿದೀನಿ.”

ಭಾವನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ಕಡ್ಡಿಗೆ, ಹಲ್ಲಿನ ಜೊತೆ ನಾಲಿಗೆಯನ್ನೂ ಕೀಳಿಸಿಕೊಂಡು ಬರಬೇಕಿತ್ತು ಅನ್ನಿಸಿತು.

“ಹಾಗಾದ್ರೆ ಹಾಗೇ ಬಿಗೀತಿರು,” ಎಂದ ಭಾವ ಕೊನೆಗೆ. ಅವನ ದನಿ ಇಳಿದಿತ್ತು. “ಈ ಕೈ ಬಿಟ್ರೆ ನನ್ನ ಹತ್ರ ಏನಿದೆಯೋ? ನೀನಿದೀಯಲ್ಲ ಹಿಂದೆ. ಯಾರಿಗೂ ಗೊತ್ತಾಗಲ್ಲ.”

“ಇವತ್ತು ನಾನಿರಲಿಲ್ಲ ಭಾವ. ಐವತ್ತು ಜನ. ನಿಮ್ಮ ಕೈಲಾಗಲ್ಲ ಅಂದ್ರೆ ನಾನು ಹೇಳ್ತೀನಿ.”

“ಹೇಳಿ ನೋಡು. ಹೇಳಿದ ದಿನವೇ ನಿನಗೂ ನನಗೂ ಮುಗೀತು.”

ಮರುದಿನ ಬೆಳಿಗ್ಗೆ ಕಡ್ಡಿ ಮೇಸ್ತ್ರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ತಾನು ಮುಚ್ಚಿಟ್ಟದ್ದನ್ನೂ ಹೇಳಿದ. ಮೇಸ್ತ್ರಿ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಭಾವನನ್ನು ಕರೆಸಿ, ಸ್ಪ್ಯಾನರ್ ಕೆಳಗಿಡಲು ಹೇಳಿ, ಡಾಕ್ಟರ ಬಳಿ ಕಳಿಸಿದರು. ಭಾವ ಶೆಡ್ಡಿನಿಂದ ಹೊರಗೆ ಹೋಗುವಾಗ ಕಡ್ಡಿಯ ಪಕ್ಕದಲ್ಲೇ ಹಾದುಹೋದ. ಕಂಬದ ಪಕ್ಕ ಹಾದುಹೋದ ಹಾಗೆ.

ಅಂದಿನಿಂದ ಭಾವ ಮಾತು ಬಿಟ್ಟ.

ಡಾಕ್ಟರು ಅದಕ್ಕೆ ಒಂದು ಉದ್ದ ಹೆಸರು ಹೇಳಿದರು. ಮಾಂಸಖಂಡಗಳು ಒಂದೊಂದಾಗಿ ಸೊರಗುವ ಕಾಯಿಲೆ; ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿರುತ್ತದೆ. ಔಷಧಿ ಇಲ್ಲ. ಇದನ್ನು ಕಡ್ಡಿಗೆ ತಿಳಿಸಲು ಅಕ್ಕ ತಾನೇ ಅವನ ಮನೆಗೆ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ಕೂತಳು.

“ನೀನು ಮಾಡಿದ್ದು ಸರಿ ಅಂತ ನಂಗೊತ್ತು,” ಎಂದಳು. “ಆದ್ರೂ ಸ್ವಲ್ಪ ದಿನ ಮನೆ ಕಡೆ ಬರಬೇಡ. ನಿನ್ನ ದನಿ ಕೇಳಿದ್ರೆ ಅವರು ಊಟ ಬಿಡ್ತಾರೆ.”

ಕಡ್ಡಿ ತಲೆಯಾಡಿಸಿದ. ಅಕ್ಕ ಏಳುವಾಗ ಅವನ ತಲೆಯ ಮೇಲೆ ಕೈಯಿಟ್ಟು ಹೋದಳು.

ಏಳು ತಿಂಗಳು ಅವನು ಆ ಬೀದಿಗೆ ಕಾಲಿಡಲಿಲ್ಲ. ಆಮೇಲೊಂದು ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದಳು. “ಬಚ್ಚಲಲ್ಲಿ ಬಿದ್ದಿದಾರೆ. ನನ್ನ ಕೈಲಿ ಎತ್ತೋಕೆ ಆಗ್ತಿಲ್ಲ. ಬಾರೋ.”

ಅವನು ಓಡಿದ. ಭಾವ ಒದ್ದೆ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಬಿದ್ದಿದ್ದ. ಮೈ ಇಳಿದಿದ್ದರೂ ಮೂಳೆ ಆನೆಯದೇ. ಕಡ್ಡಿ ಅವನ ಬೆನ್ನ ಕೆಳಗೆ ಹಾಸಿನ ಬಟ್ಟೆ ತೂರಿಸಿ, ಒಂದು ಮಂಡಿಯನ್ನು ಮಡಿಸಿ, ತನ್ನ ಪಾದವನ್ನು ಭಾವನ ಪಾದಕ್ಕೆ ಒತ್ತಿ ನಿಲ್ಲಿಸಿ, ಬಟ್ಟೆಯ ಎರಡೂ ತುದಿ ಹಿಡಿದು ಹಿಂದಕ್ಕೆ ವಾಲಿದ. ಆ ದೊಡ್ಡ ದೇಹ ನಿಧಾನವಾಗಿ ಎದ್ದು ಕೂತಿತು. “ಅಯ್ಯೋ, ಅದು ಹೇಗೆ ಎತ್ತಿದೆಯೋ!” ಎಂದಳು ಅಕ್ಕ. ಭಾವ ಕಣ್ಣು ಮುಚ್ಚಿಕೊಂಡಿದ್ದ.

ಆಮೇಲೆ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಕಡ್ಡಿ ಬಂದು ಭಾವನಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಕಿಟಕಿಯ ಪಕ್ಕ ಕೂರಿಸಿ ಹೋಗುತ್ತಿದ್ದ. ಬಾಯಿಯಿಂದ ಒಂದು ಮಾತಿಲ್ಲ. ಭಾವ ಗೋಡೆ ನೋಡುತ್ತಿದ್ದ, ಇವನು ಸಾಬೂನು ನೋಡುತ್ತಿದ್ದ. ಅಷ್ಟರಲ್ಲಿ ಭಾವನ ನಾಲಿಗೆಯೂ ಭಾರವಾಗುತ್ತಾ ಬಂತು. ಮೊದಲು ಕುಡಿದವರ ಹಾಗೆ ತೊದಲುತ್ತಿದ್ದ; ಬರಬರುತ್ತಾ ಬರೀ ದನಿಯಾಯಿತು. ಅದು ಅರ್ಥವಾಗುತ್ತಿದ್ದುದು ಅಕ್ಕನೊಬ್ಬಳಿಗೆ. ಅವಳು ಅಡುಗೆಮನೆಯಿಂದಲೇ “ಬಂದೆ, ಕಿಟಕಿ ಹಾಕ್ತೀನಿ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕ ಔಷಧಿ ಅಂಗಡಿಗೆ ಹೋಗಿದ್ದಳು. ಕಡ್ಡಿ ಭಾವನ ಕೆನ್ನೆಗೆ ನೊರೆ ಹಚ್ಚಿ ಬ್ಲೇಡು ಎತ್ತಿದ. ಭಾವ ತಲೆ ತಿರುಗಿಸಿ ನೇರ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದೂವರೆ ವರ್ಷದಲ್ಲಿ ಅದೇ ಮೊದಲು. ಬಾಯಿ ತೆರೆದು ಏನೋ ಹೇಳಿದ.

“ಏನು ಭಾವ?”

ಭಾವ ಮತ್ತೆ ಹೇಳಿದ. ಉದ್ದವಾದ ಮಾತು. ನಡುವೆ ಎರಡು ಸಲ ಉಸಿರು ತೆಗೆದುಕೊಂಡ.

“ನೀರು ಬೇಕಾ? ಬೆನ್ನು ನೋಯ್ತಿದೆಯಾ? ಅಕ್ಕ ಈಗ ಬರ್ತಾಳೆ.”

ಅಲ್ಲ, ಅಲ್ಲ ಎಂದು ಕಣ್ಣು ಹೇಳಿತು. ಮೂರನೆಯ ಸಲ ಹೇಳುವಾಗ ಭಾವನ ಕುತ್ತಿಗೆಯ ನರಗಳು ಹುರಿಗಟ್ಟಿದವು, ನೊರೆಯ ಮೇಲೆ ಜೊಲ್ಲು ಇಳಿಯಿತು. ಮನುಷ್ಯ ಇಷ್ಟು ಕಷ್ಟಪಡುವುದನ್ನು ಕಡ್ಡಿಗೆ ನೋಡಲಾಗಲಿಲ್ಲ. “ಹೂಂ ಭಾವ,” ಎಂದ. “ಗೊತ್ತಾಯ್ತು. ಆಯ್ತು ಭಾವ, ಆಯ್ತು.”

ಭಾವ ಅವನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ನಂಬಿದನೋ ಇಲ್ಲವೋ. ಆಮೇಲೆ ಕಣ್ಣು ಮುಚ್ಚಿ, ಗಡ್ಡ ಹೆರೆಯಲು ಕತ್ತು ಒಡ್ಡಿದ.

ನಾಲ್ಕನೆಯ ದಿನ ಅವನ ಉಸಿರು ನಿಂತಿತು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಅಕ್ಕ ಮತ್ತು ಕಡ್ಡಿ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದರು. ಅಕ್ಕ ಅಳುತ್ತಿರಲಿಲ್ಲ. ಇಷ್ಟು ದಿನವೂ ಅತ್ತಿರಲಿಲ್ಲ. ಅಳಲು ಪುರುಸೊತ್ತೇ ಇರಲಿಲ್ಲ.

“ನಾನು ಔಷಧಿ ತರೋಕೆ ಹೋದ ದಿನ,” ಎಂದಳು. “ವಾಪಸು ಬಂದಾಗ ಅವರ ಮುಖ ಹಗುರಾಗಿತ್ತು. ನಿನ್ ಹತ್ರ ಮಾತಾಡಿದ್ರಾ?”

ಕಡ್ಡಿಗೆ ಒಂದು ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಕೋಪವಿಲ್ಲ ಅಂದರು, ನಿನ್ನ ಅಕ್ಕನನ್ನು ನೋಡಿಕೋ ಅಂದರು. ಅದನ್ನು ಸುಳ್ಳೆನ್ನಲು ಯಾರಿದ್ದರು? ಆದರೆ ಸಾಕಿದವಳ ಮುಂದೆ ಬಾಯಿ ಏಳಲಿಲ್ಲ.

“ಮಾತಾಡಿದ್ರು ಅಕ್ಕ. ನನಗೆ ಅರ್ಥ ಆಗಲಿಲ್ಲ. ಗೊತ್ತಾಯ್ತು ಅಂತ ಸುಳ್ಳೇ ಹೇಳಿದೆ.”

ಅಕ್ಕ ಅವನ ಹತ್ತಿರಕ್ಕೆ ಸರಿದು ಕೂತಳು. “ಹೇಗೆ ಹೇಳಿದ್ರು? ಅದೇ ಥರ ಹೇಳು ನೋಡೋಣ. ನಂಗೆ ಗೊತ್ತಾಗುತ್ತೆ.”

ಕಡ್ಡಿ ಬಾಯಿ ತೆರೆದ. ನಾಲಿಗೆಯನ್ನು ದಪ್ಪ ಮಾಡಿಕೊಂಡು, ನೆನಪಿದ್ದಷ್ಟು ಆ ದನಿಯನ್ನು ತೆಗೆದ. ನಡುವೆ ಎರಡು ಸಲ ಉಸಿರು ತೆಗೆದುಕೊಂಡ. ಅಕ್ಕ ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದು ಕೇಳಿದಳು.

“ಇನ್ನೊಂದ್ಸಲ.”

ಅವನು ಇನ್ನೊಮ್ಮೆ ಹೇಳಿದ. ಈ ಸಲ ಅದು ಮೊದಲಿನ ಹಾಗೂ ಬರಲಿಲ್ಲ.

“ಹಾಗಲ್ಲ ಕಣೋ,” ಎಂದಳು ಅಕ್ಕ. “ಅವರು ಹಾಗೆ ಮಾತಾಡ್ತಿರಲಿಲ್ಲ. ನೀನು ಸರಿಯಾಗಿ ಹೇಳ್ತಿಲ್ಲ.” ಅವಳು ಅವನ ಎರಡೂ ಭುಜ ಹಿಡಿದು ಅಲುಗಿಸಿದಳು. “ಸರಿಯಾಗಿ ಹೇಳೋ,” ಎಂದಳು, ಮತ್ತು ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳ ಅಳು ಕಟ್ಟೆಯೊಡೆಯಿತು.