ಮೂರು ಪೆಟ್ಟಿನ ಬೀಗ

ನಾನು ಒಂದು ಬೀಗ. ಹಿತ್ತಾಳೆಯ ಮೈ, ಉಕ್ಕಿನ ಕೊಂಡಿ. ಕಾರ್ಖಾನೆಯಲ್ಲಿ ಕೊನೆಗೆ ಒಬ್ಬ ಮುದುಕ ನನ್ನನ್ನು ಕಿವಿಯ ಹತ್ತಿರ ಹಿಡಿದು, ಕೀ ತಿರುಗಿಸಿ, ಸದ್ದು ಕೇಳಿ ತಲೆಯಾಡಿಸಿದ. ಅಂದು ನನಗೆ ಹೆಮ್ಮೆಯಾಗಿತ್ತು. ಕಾಯುವುದು ಒಳ್ಳೆಯ ಕೆಲಸ ಎಂದು ನಂಬಿದ್ದೆ.

ಕುಂದಾಪುರದ ಅಂಗಡಿಯೊಂದರಲ್ಲಿ ಮೊಳೆಗೆ ನೇತುಬಿದ್ದಿದ್ದ ನನ್ನನ್ನು ಮೊದಲು ಕೊಂಡದ್ದು ಒಂದು ಶಾಲೆಯವರು. ಬಿಸಿಯೂಟದ ಅಕ್ಕಿ ಕೋಣೆಗೆ ಹಾಕಿದರು. ಅಡುಗೆಯ ಹೆಂಗಸು ದಿನವೂ ಒದ್ದೆ ಕೈಯಲ್ಲೇ ನನ್ನನ್ನು ತೆರೆಯುತ್ತಿದ್ದಳು. ಅಕ್ಕಿ ಹೊರಗೆ ಹೋಗುತ್ತಿತ್ತು, ಮಕ್ಕಳು ಉಣ್ಣುತ್ತಿದ್ದರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಪಂಚಾಯತಿಯ ಜವಾನ ನನ್ನನ್ನು ಕಡಲ ದಂಡೆಗೆ ಒಯ್ದ.

ಅಲ್ಲೊಂದು ಹೊಸ ಕಟ್ಟಡ. ಬಿರುಗಾಳಿಗೆ ಮನೆ ಕಳೆದುಕೊಂಡವರು ಬಂದು ಉಳಿಯಲಿ ಎಂದು ಸರ್ಕಾರ ಕಟ್ಟಿಸಿದ್ದು. ಮೇ ತಿಂಗಳಲ್ಲೇ ಕೆಲಸ ಮುಗಿದು, ಅದರ ಬಾಗಿಲಿಗೆ ನನ್ನನ್ನು ಹಾಕಿದ್ದರು. ಉದ್ಘಾಟನೆಗೆ ದೊಡ್ಡವರ ದಿನ ಸಿಗಲಿಲ್ಲ. ಕಾಯುತ್ತ ಕಾಯುತ್ತ ಆಸಾಡಿ, ಅಂದರೆ ಆಷಾಢ ಮಾಸ, ಬಂತು. ಆಸಾಡಿಯಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವ ಹಾಗಿಲ್ಲ, ಒಕ್ಕಲಾಗುವ ಹಾಗಿಲ್ಲ. ಆ ತಿಂಗಳು ಕಳೆಯಲಿ ಎಂದು ಪಂಚಾಯತಿಯ ಅಧ್ಯಕ್ಷರು ಕೀಯನ್ನು ತಮ್ಮ ಮನೆಯ ದೇವರ ಕೋಣೆಯಲ್ಲಿಟ್ಟರು. ಗಾಳಿ ಬೀಸುವ ತಿಂಗಳೂ ಅದೇ. ಅದನ್ನು ಯಾರೂ ಹೇಳಲಿಲ್ಲ. ಬೀಗಕ್ಕೆ ಬಾಯಿಲ್ಲ. ಅವರಿಗಿತ್ತು.

ಎದುರಿನ ಮನೆ ಸುಧಾಕರನದು. ಅವನು ಬೋಟಿನ ಕೆಲಸದವನು. ಮಳೆಗಾಲದಲ್ಲಿ ಬಲೆ ನೇಯುತ್ತ ಮನೆಯಲ್ಲೇ ಇರುತ್ತಿದ್ದ. ಹೆಂಡತಿ ಜಲಜಾ, ತಾಯಿ ಚಂದು, ಎರಡೂವರೆ ವರ್ಷದ ಮಗಳು ಅನ್ವಿ. ಮಗುವಿಗೆ ದಮ್ಮು. ಥಂಡಿಯಾದರೆ ಎದೆ ಗೊರಗೊರ ಎನ್ನುತ್ತಿತ್ತು. ಮಳೆ ಬಿಟ್ಟ ಹೊತ್ತಿನಲ್ಲಿ ಅದು ಬಂದು ನನ್ನ ತೂತಿಗೆ ಕಡ್ಡಿ ಹಾಕಿ ತಿರುಗಿಸುತ್ತಿತ್ತು. ನನ್ನನ್ನು ತೆರೆಯಬೇಕು ಎಂದು ಆ ಊರಿನಲ್ಲಿ ಅನಿಸಿದ್ದು ಅದಕ್ಕೊಂದಕ್ಕೇ.

ಆಸಾಡಿಯ ಒಂದು ಮಧ್ಯಾಹ್ನ ಗಾಳಿ ಅವರ ಮನೆಯ ಮಾಡನ್ನು, ಇಡೀ ಚಾವಣಿಯನ್ನೇ, ಎತ್ತಿ ನೀರು ಹರಿಯುವ ತೋಡಿಗೆ ಎಸೆಯಿತು. ನಾಲ್ವರೂ ಓಡಿ ಬಂದು ನನ್ನೆದುರು ನಿಂತರು. ಬಾಗಿಲ ಮೇಲಿನ ಸೂರು ಎರಡೇ ಮೊಳ. ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು. ಮಗು ಆಗಲೇ ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆಯುತ್ತಿತ್ತು.

"ಕಲ್ಲ್ ತಕಂಡ್ ಒಡ್ದ್ ಹಾಕಿ," ಎಂದಳು ಜಲಜಾ.

ಆಸಾಡಿಯಲ್ಲಿ ಹೊಸ ಹೊಸ್ತಿಲು ದಾಟಬಾರದು ಎಂದು ಚಂದು ಗೊಣಗಿದಳು. ಸುಧಾಕರ ಯಾರ ಬೇಲಿಯ ಒಂದು ಗೂಟವನ್ನೂ ಮುಟ್ಟಿದವನಲ್ಲ.

"ಸರ್ಕಾರದ್ ಸೊತ್ತ್ ಅದ್. ನಾಳಿಗ್ ಯಾರ್ ಜವಾಬ್? ಓಡ್ಹೋಯಿ ಕೀ ತತ್ತೆ. ನೀ ಮಗಿನ ಬೆಚ್ಚಗ್ ಹಿಡ್ಕೊ," ಎಂದು ಹೇಳಿ ಹೊರಟ.

ಅಧ್ಯಕ್ಷರ ಮನೆ ಒಂದು ಮೈಲಿ. ಅಲ್ಲಿ ನಡೆದದ್ದು ಆಮೇಲೆ ಜನರ ಬಾಯಿಂದ ಕೇಳಿದ್ದು. ಇಡೀ ಊರಿಗೆ ಕೇಡಾಗುವ ಕೆಲಸ ಮಾಡಿಸಬೇಡ, ಇವತ್ತೊಂದು ದಿನ ಯಾರ ಮನೆಯಲ್ಲಾದರೂ ಸುಧಾರಿಸಿಕೋ ಎಂದರಂತೆ ಅವರು. ಚಾ ಕುಡಿದು ಹೋಗು ಎಂದೂ ಹೇಳಿದರಂತೆ. ಅವನು ಕುಡಿಯಲಿಲ್ಲ. ಬರಿಗೈಯಲ್ಲಿ ಓಡಿ ಬರುವಾಗ ತೆಂಗಿನ ಮರ ಮೇಲೆ ಬಿತ್ತು.

ನನ್ನೆದುರು ನಿಂತವರಿಗೆ ಅದು ಗೊತ್ತಿರಲಿಲ್ಲ. ಅವರು ದಾರಿ ನೋಡುತ್ತಿದ್ದರು. ಒಂದು ಗಂಟೆ ನೋಡಿದರು. ಮಗುವಿನ ತುಟಿ ನೀಲಿಯಾಯಿತು. ಆಗ ಚಂದು, ಆಸಾಡಿಯಲ್ಲಿ ಗುಡಿಸಲು ಒಂದು ಹೊಸ ಹಿಡಿಸೂಡಿಯನ್ನೂ ಕೊಳ್ಳದ ಚಂದು, ಕಾಂಪೌಂಡಿನಿಂದ ಒಂದು ಕೆಂಪುಕಲ್ಲು ಕಿತ್ತು ತಂದು ಸೊಸೆಯ ಕೈಗೆ ಕೊಟ್ಟು, ಮಗುವನ್ನು ತಾನು ತೆಗೆದುಕೊಂಡಳು. ಜಲಜಾ ಹೊಡೆದಳು. ಮೂರೇ ಪೆಟ್ಟು. ನಾನು ಬಿದ್ದೆ. ಒಳಗೆ ನೆಲ ಒಣಗಿತ್ತು. ಪ್ಲಾಸ್ಟಿಕ್ ಬಿಚ್ಚದ ಹಾಸಿಗೆಗಳು, ಹೊದಿಕೆಗಳು ರಾಶಿ ಬಿದ್ದಿದ್ದವು. ಬೆಚ್ಚಗಾದ ಮೇಲೆ ಮಗುವಿನ ಉಸಿರು ಮೆಲ್ಲಗೆ ಹದಕ್ಕೆ ಬಂತು. ಅದು ಬದುಕಿತು.

ಸುಧಾಕರನ ಹೆಣವನ್ನು ಸಂಜೆ ಹೊತ್ತುಕೊಂಡು ಬಂದರು. ಅವನ ಆಯುಷ್ಯವೇ ಅಷ್ಟಿತ್ತು ಎಂದರು ಅಧ್ಯಕ್ಷರು. ಎಂಟನೆಯ ದಿನ ಬೀಗ ಒಡೆದ ಬಗ್ಗೆ ಪಂಚಾಯತಿಯಿಂದ ಪೊಲೀಸರಿಗೆ ದೂರು ಹೋಯಿತು.

ಈಗ ನಾನು ಕೋರ್ಟಿನ ಒಂದು ಕೋಣೆಯಲ್ಲಿ, ಗೋಣಿಚೀಲದೊಳಗೆ, ಕೊರಳಿಗೆ ಚೀಟಿ ಕಟ್ಟಿಕೊಂಡು ಬಿದ್ದಿದ್ದೇನೆ. ಕೊಂಡಿಗೆ ತುಕ್ಕು ಹಿಡಿಯುತ್ತಿದೆ, ಹಿಡಿಯಲಿ. ಆ ಬಾಗಿಲಿಗೆ ನನಗಿಂತ ದೊಡ್ಡ ಬೀಗ ಬಂದಿದೆಯಂತೆ. ಕಲ್ಲಿನ ಪೆಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಗಟ್ಟಿ ಎಂದು ನಂಬಿ, ಹೆದರಿ, ಕೀ ಕೇಳಿಕೊಂಡು ಹೋದನಲ್ಲ ಆ ಒಳ್ಳೆಯ ಮನುಷ್ಯ, ಅದಕ್ಕೆ ಸಿಟ್ಟು. ಒಳ್ಳೆಯವರು ಹೀಗೆ ಹೆದರಲಿ ಎಂದೇ ನಮ್ಮನ್ನು ಮಾಡುತ್ತಾರೆ.

ವಿಚಾರಣೆಯ ದಿನ ನನ್ನನ್ನು ಮೇಜಿನ ಮೇಲಿಟ್ಟಿದ್ದರು. ಒಡೆದದ್ದು ನೀನೇನಾ ಎಂದು ಕೇಳಿದರು. ಹೌದು ಎಂದಳು ಜಲಜಾ. ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯೇ ಎಂದು ಕೇಳಿದರು.

"ಹೌದ್ ಸ್ವಾಮಿ, ಇತ್ತ್. ಒಂದ್ ಗಂಟಿ ತಡ ಮಾಡ್ದೆ."

ಆರೋಪಿ ತಪ್ಪು ಒಪ್ಪಿಕೊಂಡಿದ್ದಾಳೆ ಎಂದು ಬರೆದುಕೊಂಡರು.