ಮೇಷ್ಟ್ರ ಕಾಲಡಿಯ ಬ್ರೇಕು

ಕಾರು ಕಲಿಸುವ ಮೇಷ್ಟ್ರಿಗೆ ಶಿಷ್ಯರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲಿಂದ ಅವರ ಬಲಗಾಲು ಎದ್ದದ್ದನ್ನು ಕಂಡವರಿಲ್ಲ. ನಾಯಿ ಅಡ್ಡ ಬಂದರೆ ಒತ್ತುತ್ತಿದ್ದರು, ಬರಬಹುದು ಅನ್ನಿಸಿದರೂ ಒತ್ತುತ್ತಿದ್ದರು. ಊರಿನ ಅರ್ಧ ಜನರನ್ನು ಹೀಗೆ ತಡೆದು ನಿಲ್ಲಿಸಿದ ಈ ಮಹಾನುಭಾವರಿಗೆ ತಮ್ಮ ನಾಲಿಗೆಯ ಚಪಲವನ್ನು ಮಾತ್ರ ತಡೆಯಲು ಬರುತ್ತಿರಲಿಲ್ಲ.

ಅವರ ಕಿಡ್ನಿಗಳು ಎರಡೂ ಸೇರಿ ಅರ್ಧ ಆಳಿನ ಕೆಲಸವನ್ನೂ ಮಾಡುತ್ತಿಲ್ಲವೆಂದು ಡಾಕ್ಟರಮ್ಮ ಹೇಳಿ ವರ್ಷಗಳಾಗಿದ್ದವು. ಡಯಾಲಿಸಿಸ್ ಇನ್ನೂ ಬೇಕಾಗಿರಲಿಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರದಂತೆ ನೋಡಿಕೊಳ್ಳಬೇಕಿತ್ತು. ನೆಟ್ಟಗಿರುವ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಕಳಿಸುತ್ತದೆ, ಇವರದಕ್ಕೆ ಅಷ್ಟು ಶಕ್ತಿಯಿಲ್ಲ. ಅದು ಏರುತ್ತ ಹೋದರೆ ಕೈಕಾಲು ಸೋಲುತ್ತವೆ, ಹೃದಯ ತಾಳ ತಪ್ಪುತ್ತದೆ, ಕೆಲವೊಮ್ಮೆ ಹೇಳದೆ ಕೇಳದೆ ನಿಂತೇ ಬಿಡುತ್ತದೆ. ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ಒಣಹಣ್ಣಿನ ಹತ್ತಿರವೂ ಸುಳಿಯಬೇಡಿ, ತರಕಾರಿಯನ್ನು ಹೆಚ್ಚಿ ನೆನೆಸಿ, ಬೇಯಿಸಿ, ನೀರು ಚೆಲ್ಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಮೇಷ್ಟ್ರ ಹೆಂಡತಿ ಆಲೂಗಡ್ಡೆಯನ್ನು ಎಷ್ಟು ನೆನೆಸಿ ಎಷ್ಟು ತೊಳೆಯುತ್ತಿದ್ದರೆಂದರೆ, ತಟ್ಟೆಗೆ ಬರುವ ಹೊತ್ತಿಗೆ ಅದಕ್ಕೇ ತಾನು ಯಾರೆಂಬುದು ಮರೆತುಹೋಗಿರುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಪೊಟ್ಯಾಸಿಯಂ ಒಮ್ಮೆ ಏರಿತು. ಕಾರು ಒರೆಸಲು ಹೋದ ಹೆಂಡತಿಗೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಾಳೆಹಣ್ಣಿನ ಸಿಪ್ಪೆಗಳು ಸಿಕ್ಕವು. ಒಂದಲ್ಲ, ಒಂದು ಚಿಪ್ಪಿನಷ್ಟು. ಮೇಷ್ಟ್ರು ಅದನ್ನು ಯಾವನೋ ಶಿಷ್ಯನ ತಲೆಗೆ ಕಟ್ಟಲು ನೋಡಿದರು, ಹೆಂಡತಿ ಸಿಪ್ಪೆಯನ್ನು ಮೂಗಿನ ಮುಂದೆ ಹಿಡಿದು ನೋಡಿದ ನೋಟಕ್ಕೆ ಒಪ್ಪಿಕೊಂಡರು.

ಅವತ್ತಿನಿಂದ ಮೇಷ್ಟ್ರು ನಿಜವಾಗಿಯೂ ಸುಧಾರಿಸಿದರು. ನಂಬುವವರು ಬೇಕಲ್ಲ! ಮುಂದಿನ ಸಲ ಪರೀಕ್ಷೆಗೆ ರಕ್ತ ಕೊಟ್ಟಾಗ ಪೊಟ್ಯಾಸಿಯಂ ಇಳಿಯುವ ಬದಲು ಇನ್ನಷ್ಟು ಮೇಲೆ ಹೋಗಿತ್ತು. ತಾನು ಏನನ್ನೂ ಮುಟ್ಟಿಲ್ಲವೆಂದು ಅವರು ಆಣೆ ಮಾಡಿದರು. ಹೆಂಡತಿ ಸಿಪ್ಪೆಯ ಪ್ರಸಂಗವನ್ನು ನೆನಪಿಸಿದರು. ಸಾಲದ್ದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ತಾವೇ ಕಾರಿನ ಹಿಂದಿನ ಸೀಟು ಹತ್ತಿದರು. ಬೆಳಗಿನ ಪಾಠಗಳಿಗೆಲ್ಲ ಬಂದು ಕೂತು ಬೇಸರವಾದಾಗ, ಹೇಗೂ ಬರುತ್ತೇನೆ, ನನಗೂ ಕಲಿಸಿಬಿಡಿ ಅಂದರು. ಹೀಗೆ ಕಾವಲಿಗೆ ಬಂದವರು ಕಲಿಯುವವರ ಲೈಸೆನ್ಸು ಮಾಡಿಸಿ ಸ್ಟೀರಿಂಗ್ ಹಿಡಿದರು.

ಹೆಂಡತಿಗೆ ಕಲಿಸುವಾಗ ಮೇಷ್ಟ್ರ ಕಾಲು ಬ್ರೇಕಿನ ಮೇಲೆ ಇನ್ನೂ ಭದ್ರವಾಗಿ ಕೂತಿತು. ಎರಡನೇ ಗೇರು ದಾಟಿದರೆ ಸಾಕು, ಕಾರು ಮುಗ್ಗರಿಸಿ ನಿಲ್ಲುತ್ತಿತ್ತು. ನೀವು ಒತ್ತಿದ್ದಕ್ಕೆ ನಿಂತಿತು ಎಂದು ಅವರು, ನೀನು ಓಡಿಸಿದ್ದಕ್ಕೆ ಒತ್ತಿದೆ ಎಂದು ಇವರು. ಮನೆಗೆ ಬಂದರೆ ಊಟದ ಜಗಳ ಬೇರೆ. ಈಚೆಗೆ ಅಡುಗೆಗೆ ರುಚಿಯೇ ಇಲ್ಲ, ಉಪ್ಪು ಹಾಕಿದರೂ ಸಪ್ಪೆ, ಜೊತೆಗೆ ಏನೋ ಒಂದು ಕಹಿ ಎಂದು ಮೇಷ್ಟ್ರು ಗೊಣಗುತ್ತಿದ್ದರು. ಕಾಯಿಲೆಯವರ ಬಾಯಿ ಹಾಗೇ ಎಂದು ಹೆಂಡತಿ ಇನ್ನೊಂದು ಚಿಟಿಕೆ ಉಪ್ಪು ಉದುರಿಸುತ್ತಿದ್ದರು. ಕಳ್ಳ ಎನ್ನಿಸಿಕೊಂಡು ಸಪ್ಪೆ ಉಣ್ಣುವುದು ಮೇಷ್ಟ್ರಿಗೆ ಬಹಳ ಅವಮಾನವೆನಿಸಿತ್ತು. ನಿರಪರಾಧಿ ಎಂದು ಗೊತ್ತಾದ ದಿನ ಏನೇನು ಹೇಳಬೇಕೆಂದು ಸ್ನಾನದ ಮನೆಯಲ್ಲಿ ಅಭ್ಯಾಸವನ್ನೂ ಮಾಡಿದ್ದರು.

ಒಂದು ಬೆಳಿಗ್ಗೆ ಪಾಠ ನಡೆಯುತ್ತಿರುವಾಗ ಮುಂದೆ ಲಾರಿಯೊಂದು ತಿರುಗಿತು. ಮೇಷ್ಟ್ರು ರೂಢಿಯಂತೆ ಬ್ರೇಕು ಒತ್ತಲು ಹೋದರು. ಕಾಲು ಒತ್ತಲಿಲ್ಲ. ತೊಡೆಯಿಂದ ಕೆಳಗೆ ಯಾರೋ ನೆನೆದ ಬಟ್ಟೆ ಇಟ್ಟು ಹೋದ ಹಾಗಿತ್ತು. ಹೆಂಡತಿ ತಾವೇ ಬ್ರೇಕು ಹಾಕಿ, ಲಾರಿ ಹೋಗುವವರೆಗೆ ಕಾದು, ಮುಂದೆ ಹೋದರು. ಅಷ್ಟರಲ್ಲಿ ಮೇಷ್ಟ್ರ ಎದೆಯೊಳಗೆ ಒಂದು ಬಡಿತ ಬಿಟ್ಟುಹೋಯಿತು. ಮತ್ತೆ ಎರಡು ಬಡಿದು ಇನ್ನೊಂದು ಬಿಟ್ಟುಹೋಯಿತು. ಹಳೇ ಇಂಜಿನ್ ಮಿಸ್ ಹೊಡೆಯುವುದನ್ನು ಕೇಳಿ ಕೇಳಿ ಪಳಗಿದ ಮನುಷ್ಯನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರಿಗೆ ತುಂಬ ಹೆದರಿಕೆಯಾಯಿತು.

"ಮುಂದೆ ಎಡಕ್ಕೆ ತಗೋ. ಆಸ್ಪತ್ರೆಗೆ ಹೋಗೋಣ," ಅಂದರು.

"ಏನು ತಿಂದ್ರಿ?"

"ಏನೂ ಇಲ್ಲ ಕಣೇ."

ಹೆಂಡತಿ ಕಾರನ್ನು ಎಡಕ್ಕೆ ತಿರುಗಿಸಿದರು. ಮೂರನೇ ಗೇರಿಗೆ ಹಾಕಿದರು, ಆಮೇಲೆ ನಾಲ್ಕನೆಯದಕ್ಕೆ. ಬಸ್ಸಿನ ಪಕ್ಕದಲ್ಲಿ ಹಾರ್ನ್ ಹೊಡೆದು ಮುಂದೆ ನುಗ್ಗಿದರು, ವೃತ್ತದಲ್ಲಿ ಕನ್ನಡಿ ನೋಡಿ, ದಾರಿ ಕೊಟ್ಟು, ದಾರಿ ತಗೊಂಡು, ಎಲ್ಲೂ ಮುಗ್ಗರಿಸದೆ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ತಂದು ನಿಲ್ಲಿಸಿದರು. ಇವಳಿಗೆ ಇಷ್ಟು ಚೆನ್ನಾಗಿ ಬರುತ್ತಿತ್ತೇ ಎಂದು ಮೇಷ್ಟ್ರಿಗೆ ಆ ಸ್ಥಿತಿಯಲ್ಲೂ ಆಶ್ಚರ್ಯವಾಯಿತು.

ಇಸಿಜಿ ಕಾಗದದಲ್ಲಿ ಗೆರೆಗಳು ಚೂಪಾಗಿ ಎದ್ದಿದ್ದವು. ಡಾಕ್ಟರಮ್ಮ ರಕ್ತದ ವರದಿಗೂ ಕಾಯದೆ ಹೃದಯ ಕಾಪಾಡಲು ಕ್ಯಾಲ್ಸಿಯಂ ಕೊಟ್ಟರು, ರಕ್ತದಲ್ಲಿದ್ದ ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿಯಲೆಂದು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟರು. ವರದಿ ಬಂದಾಗ ಪೊಟ್ಯಾಸಿಯಂ ಏಳು ದಾಟಿತ್ತು, ಐದರ ಆಸುಪಾಸಿನಲ್ಲಿ ನಿಲ್ಲಬೇಕಾದದ್ದು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಮಂಚದ ಪಕ್ಕದ ಯಂತ್ರ ತಾಳ ತಪ್ಪದೆ ಟಿಕ್ ಟಿಕ್ ಎನ್ನತೊಡಗಿತು, ಮೇಷ್ಟ್ರ ಜೀವ ಮತ್ತೆ ಜಾಗಕ್ಕೆ ಬಂತು.

ಆಮೇಲೆ ವಿಚಾರಣೆ. ಏನು ತಿಂದಿರಿ ಎಂದು ಡಾಕ್ಟರಮ್ಮನೂ ಕೇಳಿದರು. ಏನೂ ಇಲ್ಲವೆಂದರು ಮೇಷ್ಟ್ರು. ಹೆಂಡತಿ ಮುಂದೆ ಬಂದು ಸಿಪ್ಪೆಯಿಂದ ಹಿಡಿದು ಎಲ್ಲ ಸಾಕ್ಷಿ ಹೇಳಿದರು. ತಮ್ಮ ಕಡೆಯಿಂದ ಯಾವ ಲೋಪವೂ ಇಲ್ಲ, ತರಕಾರಿಯ ನೀರು ಚೆಲ್ಲುತ್ತೇನೆ, ಗುಳಿಗೆ ಎದುರಿಗೇ ನುಂಗಿಸುತ್ತೇನೆ, ಸಿಪ್ಪೆ ಸಿಕ್ಕಿದ ಮೇಲಂತೂ ಉಪ್ಪನ್ನೂ ಬದಲಾಯಿಸಿದ್ದೇನೆ ಎಂದರು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಯಾವ ಉಪ್ಪು?"

"ಬಿಪಿ ಇರೋರಿಗೆ ಅಂತ ಬರುತ್ತಲ್ಲ, ಸೋಡಿಯಂ ಕಡಿಮೆ ಇರೋದು. ಒಳ್ಳೇದಂತ ಹುಡುಕಿ ತಂದೆ."

ಡಾಕ್ಟರಮ್ಮ ಮೆತ್ತಗೆ ವಿವರಿಸಿದರು. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಮ್ಮೇ. ಕಿಡ್ನಿ ಸರಿಯಿದ್ದವರಿಗೆ ಅದು ಒಳ್ಳೆಯದಿರಬಹುದು, ಇವರಿಗೆ ವಿಷ. ಕಹಿ ಬರುತ್ತಿದ್ದುದೂ ಅದರಿಂದಲೇ ಇರಬೇಕು. ಬಹಳ ಮನೆಗಳಲ್ಲಿ ಹೀಗೆ ಆಗುತ್ತದೆ, ಉಪ್ಪಿನ ಬಗ್ಗೆ ನಾವೇ ಮೊದಲು ಹೇಳಬೇಕಿತ್ತು ಎಂದು ತಪ್ಪಿನಲ್ಲಿ ಪಾಲನ್ನೂ ತಗೊಂಡು ಮುಂದಿನ ಮಂಚಕ್ಕೆ ಹೋದರು.

ಮೇಷ್ಟ್ರು ಕಾದಿದ್ದ ದಿನ ಬಂದಿತ್ತು. ಸ್ನಾನದ ಮನೆಯ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ತಲೆ ತಿರುಗಿಸಿ ಹೆಂಡತಿಯನ್ನು ನೋಡಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಮಡಿಲಲ್ಲಿದ್ದ ಕಾರಿನ ಕೀಲಿಯನ್ನು ಎರಡು ಬೆರಳಿನ ನಡುವೆ ಚಿಟಿಕೆ ಹಿಡಿದಂತೆ ಉಜ್ಜುತ್ತಿದ್ದರು. ಬಸ್ಸಿನ ಪಕ್ಕ ನುಗ್ಗುವಾಗ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದ ಕೈ ಅದು. ದಿನಾ ಸಪ್ಪೆ ಅಂದಾಗಲೆಲ್ಲ ಉದುರಿಸಿದ ಚಿಟಿಕೆಗಳನ್ನು ಆಕೆ ಮನಸ್ಸಿನಲ್ಲೇ ನೆನೆಯುತ್ತಿದ್ದುದು ಮೇಷ್ಟ್ರಿಗೆ ಸ್ಪಷ್ಟವಾಗಿ ತಿಳಿಯಿತು.

"ಟೊಮೆಟೊ ತಿಂದಿದ್ದೆ," ಅಂದರು. "ಹೋದ ವಾರ. ಎರಡು ಮೂರು. ಡಾಕ್ಟರ ಮುಂದೆ ಹೇಳೋಕೆ ನಾಚಿಕೆಯಾಯ್ತು."

ಹೆಂಡತಿ ತಲೆಯೆತ್ತಿದರು. ಕಣ್ಣು ತುಂಬಿ ಬಂತು.

"ಸುಳ್ಳು ಹೇಳ್ಬೇಡಿ. ನಿಮ್ಮ ಜೇಬು, ಚೀಲ, ಕಾರು, ಎಲ್ಲಾ ದಿನಾ ಹುಡುಕ್ತಿದ್ದೆ. ಒಂದು ಬೀಜಾನೂ ಸಿಕ್ಕಿಲ್ಲ. ಆದ್ರೂ ನಾನು ನಿಮ್ಮನ್ನ ನಂಬ್ಲಿಲ್ಲ."

ಕಳ್ಳತನ ಮಾಡದ ದಿನಗಳಲ್ಲೆಲ್ಲ ಕಳ್ಳನಾಗಿದ್ದ ಮೇಷ್ಟ್ರು, ಮಾಡಿದೆ ಅಂದ ದಿನ ಬಿಡುಗಡೆಯಾದರು. ಗೆದ್ದ ಸಂತೋಷ ಎಲ್ಲಿಯೂ ಇರಲಿಲ್ಲ. ಆಕೆಯ ಬೆರಳುಗಳು ಕೀಲಿಯನ್ನು ಬಿಡುವವರೆಗೆ ಕೈ ಹಿಡಿದುಕೊಂಡು ಮಲಗಿದರು, ಅಷ್ಟೇ.

ಮನೆಗೆ ಕಳಿಸುವ ದಿನ ಕಾರಿನ ಹತ್ತಿರ ಬಂದಾಗ ಹೆಂಡತಿ ಕೀಲಿಯನ್ನು ಅವರತ್ತ ಚಾಚಿದರು. ಇನ್ನು ತಮಗೆ ಏನನ್ನೂ ಮುಟ್ಟಲು ಧೈರ್ಯವಿಲ್ಲ ಅಂದರು. ಮೇಷ್ಟ್ರು ಕೀಲಿ ತಗೊಳ್ಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಹೆಂಡತಿ ವಿಧಿಯಿಲ್ಲದೆ ಸ್ಟೀರಿಂಗ್ ಹಿಡಿದರು. ಮೊದಲನೇ ಗೇರು, ಎರಡನೆಯದು. ಮುಂದಿನ ಗೇರಿಗೆ ಹೋಗದೆ, ರೂಢಿಯಂತೆ ಕಾರು ಮುಗ್ಗರಿಸುವುದಕ್ಕೆ ಕಾದರು. ಕಾರು ಮುಗ್ಗರಿಸಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಮೇಷ್ಟ್ರು ಬಲಗಾಲನ್ನು ಮಡಿಚಿ ಸೀಟಿನ ಮೇಲೆ ಇಟ್ಟುಕೊಂಡು ಕೂತಿದ್ದಾರೆ.

"ಕಾಲು ನೋಯ್ತಿದೆಯೇನ್ರೀ?"

"ಇಲ್ಲ," ಅಂದರು ಮೇಷ್ಟ್ರು ಕಿಟಕಿಯಾಚೆ ನೋಡುತ್ತ. "ನೀನು ಓಡಿಸೋವಾಗ ಅದಕ್ಕೆ ಕೆಲಸ ಇಲ್ಲ."

ಹೆಂಡತಿ ಕನ್ನಡಿ ನೋಡಿ ಮೂರನೇ ಗೇರಿಗೆ ಹಾಕಿದರು.